ರಿಸಾಲ್ದಾರರು ಗುಬ್ಬಿಗೆ ಹೋದ ದಿನ

"ಪಟಾಕಿ ಸರಾನೇ ಕಾಲ್ ಹತ್ರ ಹಚ್ಚಿದ್ರು ಕಣ್ರೀ! ಕುದ್ರೆ ಕಿವಿ ಕೂಡ ಅಲ್ಲಾಡಿಸ್ಲಿಲ್ಲ," ಎಂದು ಪಿಂಚಣಿದಾರ ನರಸಯ್ಯ ಎಲೆಯ ಮುಂದೆ ಕುಳಿತೇ ಎಡಗೈ ಎತ್ತಿ ತೋರಿಸಿದ. ಉಪ್ಪಾರಹಳ್ಳಿಯ ಮನೆಯ ನಡುಮನೆಯಲ್ಲಿ ರಿಸಾಲ್ದಾರ್ ಶ್ರೀಕಂಠರಾಜೇ ಅರಸರ ತಿಥಿಯ ಊಟ ನಡೆದಿತ್ತು. ಅವರು ಮಹಾರಾಜರ ಕಾಲದ ಕುದುರೆ ಸೈನ್ಯದಲ್ಲಿದ್ದವರು, ಆಮೇಲೆ ಕುದುರೆ ಪೊಲೀಸರಿಗೆ ಕುದುರೆ ಪಳಗಿಸಿಕೊಟ್ಟವರು. ಊಟಕ್ಕೆ ಬಂದ ಪ್ರತಿಯೊಬ್ಬರ ಹತ್ತಿರವೂ ಒಂದು ಕಥೆಯಿತ್ತು.

"ನೀವೂ ಒಂದ್ ಹೇಳಿ ಅಮ್ಮಣ್ಣಿ. ಕೊನೇತನಕ ಜೊತೇಲಿದ್ದೋರು ನೀವು," ಎಂದ ನರಸಯ್ಯ.

ಮಗಳು ದೇವಾಜಮ್ಮಣ್ಣಿ, "ಇನ್ನೊಂದು ಸ್ವಲ್ಪ ಸಾರು ಹಾಕ್ಲಾ?" ಎಂದಳು. ಬಡಿಸಿ ಅಡುಗೆಮನೆಗೆ ಬಂದು ಗೋಡೆಗೆ ಒರಗಿ ನಿಂತಳು. ಅವಳಿಗೆ ನೆನಪಿದ್ದದ್ದು ಗುಬ್ಬಿ.

ಆರು ವರ್ಷದ ಹಿಂದಿನ ಬೇಸಿಗೆ. ಅಪ್ಪಾಜಿಯ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ತನ್ನ ಮಗುವನ್ನು ಪಕ್ಕದ ಮನೆಯ ಸುಂದರಮ್ಮನವರ ಬಳಿ ಬಿಟ್ಟು, ಅಪ್ಪಾಜಿಯ ಕೈ ಹಿಡಿದು ಅವಳೇ ಬಸ್ಸು ಹತ್ತಿಸಿದ್ದಳು. ಗುಬ್ಬಿಯ ಜಟಕಾ ಬೀರಯ್ಯನ ಕುದುರೆಯನ್ನು ಗುಂಡಿಟ್ಟು ಕೊಲ್ಲುತ್ತಾರೆಂದು ಸುದ್ದಿ ಬಂದಿತ್ತು.

ಆ ಕುದುರೆ ಚಮೇಲಿ. ಕುಣಿಗಲ್ಲಿನ ಫಾರಮ್ಮಿನಲ್ಲಿ ಹುಟ್ಟಿದ ಕಂದು ಬಣ್ಣದ ಹೆಣ್ಣು ಕುದುರೆ. ಅಪ್ಪಾಜಿಯೇ ಪಳಗಿಸಿದ್ದು. ವಯಸ್ಸಾಯಿತೆಂದು ಪೊಲೀಸಿನವರು ಹರಾಜಿಗೆ ಹಾಕಿದಾಗ, "ತಗೋ ಬೀರಯ್ಯ. ಲಾರಿಗೆ ಹೆದರಲ್ಲ, ತಮಟೆಗೆ ಹೆದರಲ್ಲ. ನನ್ನ ಮಾತು ನಂಬು," ಎಂದು ಕೊಡಿಸಿದವರೂ ಅವರೇ. ವರ್ಷವಿಡೀ ಚಮೇಲಿ ಹಸುವಿನ ಹಾಗೆ ಸಾಧುವಾಗಿ ಗಾಡಿ ಎಳೆದಿತ್ತು. ಆಮೇಲೊಂದು ಸಂತೆಯ ದಿನ ಅದನ್ನು ಗಾಡಿಯಿಂದ ಬಿಚ್ಚಿ ಕಲ್ಲುಗೋಡೆಯ ಪಕ್ಕದಲ್ಲಿ ಕಟ್ಟಿದ್ದರು. ಬೀರಯ್ಯನ ಹೆಂಡತಿ ಚಿಕ್ಕಗಂಗಮ್ಮ ಗೋಡೆಗೂ ಕುದುರೆಗೂ ನಡುವೆ ನಿಂತು ಹುಲ್ಲು ಹಾಕುತ್ತಿದ್ದಳು. ಆ ಕಡೆ ಗಾಡಿಯವರಿಗೂ ಸಂತೆಯವರಿಗೂ ಜಾಗದ ಜಗಳ ಹತ್ತಿಕೊಂಡಿತು. ಕುದುರೆ ಅವಳನ್ನು ಗೋಡೆಗೆ ಒತ್ತಿತು. ಬಿಡಿಸಲು ಜನ ಬಂದಷ್ಟೂ ಒತ್ತಿತು. ಪಕ್ಕೆಲುಬು ಮುರಿದು, ಸಂಜೆಯೊಳಗೆ ಅವಳು ತೀರಿಕೊಂಡಳು.

ಅಪ್ಪಾಜಿಯೂ ಮಗಳೂ ಹೋದಾಗ ಚಮೇಲಿಯನ್ನು ಊರಾಚೆ ಹುಣಸೆಮರಕ್ಕೆ ಕಟ್ಟಿದ್ದರು. ಯಾರೂ ನೀರು ಸಹ ಕುಡಿಸಿರಲಿಲ್ಲ. ಲೈಸೆನ್ಸ್ ಕೋವಿಯ ಕದರಯ್ಯ ಬೀಡಿ ಸೇದುತ್ತಾ ಕುಳಿತಿದ್ದ.

"ಬನ್ನಿ ಬುದ್ದಿ. ಪೊಲೀಸ್ ಕುದ್ರೆ ಅಲ್ವಾ, ಸಾಯೋಕ್ ಮುಂಚೆ ಸಲ್ಯೂಟ್ ಹೊಡೀಲಿ ಅಂತ ಕಾಯ್ತಿದ್ವಿ."

ಕೆಲವರು ನಕ್ಕರು. ಬೀರಯ್ಯ ನಗಲಿಲ್ಲ. ತಲೆ ಬೋಳಿಸಿಕೊಂಡು ದೂರದಲ್ಲಿ ಕುಕ್ಕರುಗಾಲಲ್ಲಿ ಕುಳಿತಿದ್ದ.

"ಅದಕ್ಕೆ ಹುಚ್ಚು ಹಿಡಿದಿಲ್ಲ," ಎಂದರು ಅಪ್ಪಾಜಿ.

"ಹುಚ್ಚಿಲ್ದೆ ಅನ್ನ ಹಾಕಿದೋಳ್ನೇ ಸಾಯಿಸ್ತದಾ?" ಎಂದ ಕದರಯ್ಯ.

"ತೋರಿಸ್ತೀನಿ. ಆಮೇಲೂ ಹೊಡೀಬೇಕು ಅನ್ಸಿದ್ರೆ ಹೊಡೀರಿ, ನಾನು ಅಡ್ಡ ಬರಲ್ಲ."

ಅವರು ತಡವುತ್ತಾ ಹೋಗಿ ಹಗ್ಗ ಬಿಚ್ಚಿದರು. ಚಮೇಲಿ ಅವರ ಹೆಗಲನ್ನು ಮೂಸಿತು. ಆರೇಳು ಗಂಡಸರನ್ನು ಹತ್ತಿರ ಕರೆದು, ಒಂದೇ ಪಕ್ಕದಲ್ಲಿ ನಿಲ್ಲಿಸಿ, "ಕೂಗಿ. ಜಗಳ ಆಡೋ ಹಾಗೆ ಕೂಗಿ," ಎಂದರು. ಗಂಡಸರು ಮೊದಲು ನಾಚಿದರು, ಆಮೇಲೆ ಕೂಗಿದರು. ಕುದುರೆಯ ಕಿವಿ ಹಿಂದಕ್ಕೆ ಹೋಯಿತು. ಒದೆಯಲಿಲ್ಲ, ಕಚ್ಚಲಿಲ್ಲ. ಭುಜ ಕೊಟ್ಟು ಅಡ್ಡಡ್ಡಲಾಗಿ ಹೆಜ್ಜೆ ಇಡುತ್ತಾ ಜನರನ್ನು ತಳ್ಳತೊಡಗಿತು. ಅವರು ಹೆದರಿ ಇನ್ನೂ ಜೋರಾಗಿ ಅರಚಿದರು. ಅದು ಇನ್ನೂ ಬಲವಾಗಿ ಒತ್ತಿತು.

"ಈಗ ಬಾಯಿ ಮುಚ್ಚಿ. ಎಲ್ಲರೂ!"

ಸದ್ದು ನಿಂತಿತು. ಚಮೇಲಿಯೂ ನಿಂತಿತು, ಎತ್ತಿದ್ದ ಕಾಲನ್ನು ಮೆಲ್ಲಗೆ ಕೆಳಗಿಟ್ಟು ತಲೆ ಬಗ್ಗಿಸಿತು.

"ನೋಡಿದ್ರಾ? ಗಲಾಟೆ ಆದ್ರೆ ಒತ್ತಬೇಕು, ಗಲಾಟೆ ನಿಂತ್ರೆ ನಿಲ್ಲಬೇಕು. ಗುಂಪು ಚದುರಿಸೋಕೆ ನಾನು ಕಲಿಸಿದ ಪಾಠ ಅದು. ಇಷ್ಟು ವರ್ಷ ಆದ್ರೂ ಮರೆತಿಲ್ಲ!" ಅಪ್ಪಾಜಿಯ ಮುಖದಲ್ಲಿ ಮೇಷ್ಟರ ಹೆಮ್ಮೆಯಿತ್ತು. ಕದರಯ್ಯ ಕೋವಿಯನ್ನು ಮರಕ್ಕೆ ಒರಗಿಸಿ, "ಬುಡ್ರಲಾ, ಮೂಕ್ ಜೀವ," ಎಂದ.

ಆಗ ಬೀರಯ್ಯ ಎದ್ದು ಬಂದ.

"ಅಂಗಾದ್ರೆ ಬುದ್ದಿ, ಅವತ್ತು ನಾವು ಸುಮ್ಕಾಗಿದ್ದಿದ್ರೆ ನಿಲ್ತಿತ್ತಾ?"

ಅವನ ಕಣ್ಣು ಕುದುರೆಯ ಮೇಲಿತ್ತು.

"ಎಲ್ಲಾರ್ಗಿಂತ ನಾನೇ ಕೂಗಿದ್ದು. ಗಂಟ್ಲು ಹರ್ಕೊಂಡ್ ಕೂಗ್ದೆ. ಅವಳು ನನ್ ಮಖಾನೇ ನೋಡ್ತಿದ್ಲು."

ಇಲ್ಲ ಅನ್ನಲಿ, ಅಷ್ಟು ಹೊತ್ತಿಗಾಗಲೇ ಕೈಮೀರಿತ್ತು ಅನ್ನಲಿ ಎಂದು ದೇವಾಜಮ್ಮಣ್ಣಿ ಅಪ್ಪಾಜಿಯ ತೋಳನ್ನು ಹಿಡಿದು ಒತ್ತಿದಳು. ಕುದುರೆಯ ವಿಷಯದಲ್ಲಿ ಅವರು ಎಂದೂ ಸುಳ್ಳು ಹೇಳಿದವರಲ್ಲ.

"ನಿಲ್ತಿತ್ತು," ಎಂದರು ಅಪ್ಪಾಜಿ. "ನಾನು ನಿನಗೆ ಹೇಳಬೇಕಾಗಿತ್ತು ಬೀರಯ್ಯ. ಜಟಕಾ ಎಳೆಯೋ ಕುದುರೆಗೆ ಆ ಪಾಠ ಎಲ್ಲಿ ಬೇಕಾಗುತ್ತೆ ಅಂದ್ಕೊಂಡು ಹೇಳಲಿಲ್ಲ. ತಪ್ಪು ನಂದು."

ಬೀರಯ್ಯ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವರ ಕೈಯಿಂದ ಹಗ್ಗ ತೆಗೆದುಕೊಂಡು ಕುದುರೆಯನ್ನು ಮನೆಯ ಕಡೆಗೆ ನಡೆಸಿಕೊಂಡು ಹೋದ. ಆಮೇಲೆ ಅಪ್ಪಾಜಿ ಮನೆಯಲ್ಲಿ ಕುದುರೆಯ ಸುದ್ದಿ ಎತ್ತಲೇ ಇಲ್ಲ.

ಅದಾದ ಎರಡು ವರ್ಷಕ್ಕೆ ಒಂದು ಮದುವೆಗೆಂದು ದೇವಾಜಮ್ಮಣ್ಣಿ ಗುಬ್ಬಿಯಲ್ಲಿ ರೈಲಿನಿಂದ ಇಳಿದಳು. "ಬನ್ನಿ ಅಮ್ಮಾ, ಪ್ಯಾಟೆಗೆ, ಪ್ಯಾಟೆಗೆ!" ಎಂದು ಜಟಕಾದವರು ಮುತ್ತಿಕೊಂಡರು. ಸಾಲಿನ ಕೊನೆಯಲ್ಲಿ ಬೀರಯ್ಯ ಯಾರನ್ನೂ ಕರೆಯದೆ ಚಮೇಲಿಯ ಪಕ್ಕದಲ್ಲಿ ನಿಂತಿದ್ದ. ಅವಳೇ ಹೋಗಿ ಹತ್ತಿ ಕುಳಿತಳು. ಅವನು ಗುರುತು ಹಿಡಿದನೋ ಇಲ್ಲವೋ, ತಲೆಯಾಡಿಸಿ ಗಾಡಿ ಹೊಡೆದ.

ಅಂದು ಸಂತೆ. ಪೇಟೆಯ ಬೀದಿಯಲ್ಲಿ ಗಾಡಿ ಹೋಗಲು ದಾರಿಯಿರಲಿಲ್ಲ. ಬೀರಯ್ಯ ಕೆಳಗಿಳಿದ. ಲಗಾಮನ್ನು ಒಂದು ಕೈಯಲ್ಲಿ ಹಿಡಿದು ಮುಂದೆ ನಡೆಯುತ್ತಾ, ಎದುರಿಗೆ ಸಿಕ್ಕ ಒಬ್ಬೊಬ್ಬರ ಹೆಗಲನ್ನೂ ಮೆಲ್ಲಗೆ ಮುಟ್ಟಿ, ಅವರು ತಿರುಗಿ ನೋಡಿ ಪಕ್ಕಕ್ಕೆ ಸರಿಯುವವರೆಗೆ ಕಾಯುತ್ತಿದ್ದ.