ಬಲಗೈ ಹೂವು

ಮೈಮೇಲೆ ದೇವರು ಬರುವ ಹೆಂಗಸರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಬಾಗಲಕೋಟೆಯ ನಮ್ಮ ಮನೆಯಲ್ಲಿ ಸೋದರತ್ತೆಯೊಬ್ಬಳಿಗೆ ಪ್ರತಿ ಅಮಾವಾಸ್ಯೆಗೂ ಬರುತ್ತಿತ್ತು. ಬಂದಾಗಲೆಲ್ಲ ಹೋಳಿಗೆಯನ್ನೇ ಕೇಳುತ್ತಿತ್ತು. "ಇದ್ಯಾವ ದೇವ್ರು, ಬರೇ ಹೋಳಿಗಿ ತಿನ್ನಾಕ ಬರತೈತಿ?" ಎಂದು ಎಲ್ಲರೆದುರು ಕೇಳಿ ಅವ್ವನ ಕೈಲಿ ಏಟು ತಿಂದವಳು ನಾನು. ಅಂಥ ನನ್ನ ಕಾಲಿಗೆ ಬಿಟಿಎಂ ಲೇಔಟಿನ ಒಂದಿಡೀ ಓಣಿ ಅಡ್ಡಬಿತ್ತು ಎಂದರೆ ಯಾರ ಮುಂದೆ ಹೇಳಿಕೊಳ್ಳಲಿ?

ಜಯನಗರದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ನನಗೆ ರಿಸೆಪ್ಷನ್ ಕೆಲಸ. "ರಾಜಶ್ರೀ ಇದ್ದರೆ ಪೇಶಂಟುಗಳು ಜಗಳ ಮಾಡಲ್ಲ" ಎಂದು ಡಾಕ್ಟರೇ ಹೇಳುವಷ್ಟು ನನ್ನ ಬಾಯಿ ಜೋರು. ಗಂಡ ಚನ್ನವೀರ ಒಂದು ಅಪಾರ್ಟ್‌ಮೆಂಟಿನಲ್ಲಿ ಲಿಫ್ಟು, ಜನರೇಟರು ನೋಡಿಕೊಳ್ಳುತ್ತಾರೆ. ನಾವು ಬಾಡಿಗೆಗಿರುವುದು ಲಕ್ಷ್ಮಮ್ಮನವರ ಕಟ್ಟಡದ ಎರಡನೇ ಮಹಡಿಯಲ್ಲಿ. ಲೇಔಟ್ ಆಗುವ ಮೊದಲು ಇಲ್ಲೆಲ್ಲ ಅವರದೇ ರಾಗಿ ಹೊಲವಿತ್ತಂತೆ. ಈಗ ನೆಲಮಹಡಿಯಲ್ಲಿ ಅವರು, ಮಗ ಶಿವರಾಮ್, ಸೊಸೆ, ಮೊಮ್ಮಗಳು ಚೈತನ್ಯ.

ಚೈತನ್ಯ ಬಿ.ಕಾಂ. ಮುಗಿಸಿ ಒಂದು ಆಡಿಟರ್ ಆಫೀಸಿಗೆ ಸೇರಿದ್ದಳು. ಸಂಜೆ ಬಟ್ಟೆ ತೆಗೆಯಲು ಟೆರೇಸಿಗೆ ಬಂದರೆ ನನ್ನ ಜೊತೆ ಹರಟೆ ಹೊಡೆಯದೆ ಕೆಳಗಿಳಿಯುತ್ತಿರಲಿಲ್ಲ. ಅವಳನ್ನು ಅವಳ ಸೋದರಮಾವ ಜಯಸಿಂಹನಿಗೇ ಕೊಡಬೇಕೆಂದು ಶಿವರಾಮ್ ಹಟ ಹಿಡಿದಿದ್ದರು. ಮನೆಯ ಹುಡುಗಿ ಮನೆಯಲ್ಲೇ ಇರುತ್ತಾಳೆ ಎಂದು ಅವರ ಲೆಕ್ಕ. ಲಕ್ಷ್ಮಮ್ಮನಿಗೆ ಅದು ಇಷ್ಟವಿರಲಿಲ್ಲ. ಚೈತನ್ಯಳಂತೂ ನನ್ನೆದುರು ಎಷ್ಟೋ ಸಲ ಅತ್ತಿದ್ದಳು.

"ಸ್ಕೂಲ್ ಬ್ಯಾಗ್ ಹೊತ್ಕೊಂಡು ನನ್ನ ಬಿಟ್ಟು ಬರ್ತಿದ್ದೋರು ಅಕ್ಕ. ನಾನು ಅವ್ರನ್ನ ಗಂಡ ಅಂತ ಹೆಂಗ್ ನೋಡ್ಲಿ?"

"ನಿಮ್ಮಪ್ಪಗ ನಾ ಹೇಳ್ತೇನಿ ತಡಿ" ಎಂದು ನಾನು ಜಂಬ ಕೊಚ್ಚಿಕೊಂಡಿದ್ದೆ.

ಅಷ್ಟರಲ್ಲಿ ನಮ್ಮ ರಸ್ತೆಯಲ್ಲಿ ಅಣ್ಣಮ್ಮ ದೇವಿಯನ್ನು ಕೂರಿಸಿದರು. ಶಾಮಿಯಾನ, ಸೀರಿಯಲ್ ಸೆಟ್ಟು, ಎರಡು ಆಳೆತ್ತರದ ಸ್ಪೀಕರು. ಬಾಡಿಗೆಯವರೂ ತಂಬಿಟ್ಟಿನ ಆರತಿ ತರಬೇಕೆಂದು ಲಕ್ಷ್ಮಮ್ಮ ಮನೆಮನೆಗೆ ಬಂದು ಹೇಳಿ ಹೋದರು. ಆರತಿ ಎತ್ತದಿದ್ದರೆ ಓನರ್ ಮುಖ ಊದಿಸಿಕೊಂಡಾರು ಎಂದು, ಡ್ಯೂಟಿಗೆ ಹೋಗುವ ಮೊದಲು ಮುಗಿಸಿಬಿಡೋಣವೆಂದು, ಬೆಳಿಗ್ಗೆಯೇ ತಟ್ಟೆ ಹಿಡಿದು ಸಾಲಿನಲ್ಲಿ ನಿಂತೆ.

ತಮಟೆ ಶುರುವಾಯಿತು. ಆಗ ನನ್ನ ಬಲಗೈ ಹೆಬ್ಬೆರಳು ತಾನಾಗಿ ಕುಣಿಯತೊಡಗಿತು. ಇದೇನು ಎಂದು ನೋಡುವುದರೊಳಗೆ ಮಣಿಕಟ್ಟು, ಆಮೇಲೆ ಮೊಣಕೈ. ತಟ್ಟೆ ಕೆಳಗೆ ಬಿತ್ತು. "ಯಾರರ ಹಿಡೀರಿ" ಎಂದು ಕೂಗಬೇಕು, ನಾಲಿಗೆ ಬಾಯಿಯೊಳಗೆ ಒಂದು ಕಡೆ ಅಂಟಿಕೊಂಡಿದೆ. ಬಾಯಿಂದ ಬಂದದ್ದು ಬರೀ ಊಳು. ಸತ್ತೆ ಅಂದುಕೊಂಡೆ. ಎಲ್ಲ ಕಾಣಿಸುತ್ತಿತ್ತು, ಎಲ್ಲ ಕೇಳಿಸುತ್ತಿತ್ತು, ಮೈ ಮಾತ್ರ ನನ್ನದಾಗಿರಲಿಲ್ಲ. ಮೊಣಕಾಲೂರಿ ಬಿದ್ದೆ. ಬೀಳುವಾಗ ಸೀರೆಯೊಳಗೆ ಬೆಚ್ಚಗಾಯಿತು.

ಅಯ್ಯೋ, ಅದನ್ನು ಹೇಗೆ ಹೇಳಲಿ? ಹಾಡಹಗಲು, ನಡುರಸ್ತೆ, ಸುತ್ತ ಗಂಡಸರು, ಮೊಬೈಲು ಎತ್ತಿ ಹಿಡಿದ ಹುಡುಗರು. ಮೂವತ್ತೊಂದು ವರ್ಷದ ಹೆಂಗಸು ನಾನು. ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಕೈ ಅದುರುವುದಕ್ಕಿಂತ ಅದೇ ದೊಡ್ಡ ಭಯವಾಯಿತು ನನಗೆ.

"ಅಮ್ಮ ಬಂದವ್ಳೆ! ರಾಜಿ ಮ್ಯಾಲೆ ಅಮ್ಮ ಬಂದವ್ಳೆ ಕಣ್ರೋ!" ಲಕ್ಷ್ಮಮ್ಮನ ಗಂಟಲು. ಮರುಕ್ಷಣ ಒಂದು ಬಿಂದಿಗೆ ಅರಿಶಿನದ ನೀರು ತಲೆಯಿಂದ ಕಾಲಿನವರೆಗೆ ಸುರಿಯಿತು. ಬೇವಿನ ಸೊಪ್ಪಿನಿಂದ ಮುಖಕ್ಕೆ ಬಡಿದರು. ಈ ಮುದುಕಿಯ ತಲೆಯಲ್ಲಿ ಇರುವುದೇ ಇಷ್ಟು ಎಂದು ಒಳಗೊಳಗೇ ಶಪಿಸಿದೆ. ಆದರೂ ಆ ನೀರಿಗೆ ನಾನು ಕೈಮುಗಿಯಬೇಕು. ಸೀರೆಯೆಲ್ಲ ಒದ್ದೆಯಾಗಿ ಯಾವುದು ಏನೆಂದು ಯಾರಿಗೂ ತಿಳಿಯದಂತಾಯಿತು. ಪುಣ್ಯಕ್ಕೆ ಉಳಿದೆ ಅಂದುಕೊಂಡೆ.

ಅಷ್ಟಕ್ಕೇ ಮುಗಿದಿದ್ದರೆ! ಶಿವರಾಮ್ ಜನರನ್ನು ಸರಿಸಿಕೊಂಡು ಮುಂದೆ ಬಂದರು. ನನ್ನ ಬಲ ಅಂಗೈಗೆ ಒಂದು ಕಣಗಿಲೆ, ಎಡ ಅಂಗೈಗೆ ಒಂದು ಕಣಗಿಲೆ ಇಟ್ಟು ಮಂಡಿಯೂರಿದರು. ದೇವರ ಹತ್ತಿರ ಹೂ ಕೇಳುವ ಪದ್ಧತಿ ನಮ್ಮ ಕಡೆಯೂ ಇದೆ. ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಬೇಡ.

"ತಾಯೀ, ನನ್ ಮಗಳನ್ನ ಜಯಸಿಂಹಂಗೆ ಕೊಡೋದು ನಿಂಗೆ ಒಪ್ಪಿಗೆನಾ? ಒಪ್ಪಿಗೆ ಇದ್ರೆ ಬಲಗಡೆ ಹೂ ಕೊಡು."

ಎಡಗೈ ತಣ್ಣಗಿತ್ತು. ಬಲಗೈ ಒಂದೇ ಸಮ ಅದುರುತ್ತಿತ್ತು. ಬಲಗೈ ಹೂವು ಬೀಳದೆ ಇನ್ನೇನು ಬೀಳುತ್ತದೆ! ಬಿತ್ತು. "ಕೊಟ್ಟಳು, ಕೊಟ್ಟಳು" ಎಂದು ಜನ ಕೂಗಿದರು. ಗುಂಪಿನ ಹಿಂದೆ ಚೈತನ್ಯ ನಿಂತಿದ್ದಳು. ಅವಳ ಮುಖ ಬಿಳಿಚಿದ್ದನ್ನೂ ನೋಡಿದೆ.

ಸ್ವಲ್ಪ ಹೊತ್ತಿಗೆ ಕೈ ನಿಂತಿತು, ನಾಲಿಗೆಯೂ ಬಂತು. ಆಗಲೇ ಹೇಳಬಹುದಿತ್ತು. ಹೆಂಗಸರು ಒಬ್ಬೊಬ್ಬರಾಗಿ ಕಾಲಿಗೆ ಬೀಳುತ್ತಿದ್ದರು, ನನ್ನ ಹಣೆಗೆ ಕುಂಕುಮ ಒತ್ತುತ್ತಿದ್ದರು. ನಾನು ಒದ್ದೆ ಸೀರೆ ಬಿಗಿಹಿಡಿದುಕೊಂಡು ಕಣ್ಣು ಮುಚ್ಚಿ ಕೂತೆ. ಬಾಯಿ ಬಿಡಲಿಲ್ಲ.

ಸುದ್ದಿ ತಿಳಿದು ಓಡಿ ಬಂದ ಚನ್ನವೀರ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಸ್ಕ್ಯಾನಿನ ಕೊಳವೆಯೊಳಗೆ ಮಲಗಿಸಿದರು, ತಲೆಗೆ ವೈರು ಅಂಟಿಸಿದರು, ರಕ್ತ ತೆಗೆದರು. ಎಲ್ಲ ನಾರ್ಮಲ್. ನರದ ಡಾಕ್ಟರು ಕನ್ನಡಕ ತೆಗೆದು, "ಫಿಟ್ಸ್ ಇರಬಹುದಮ್ಮ, ಇಲ್ಲದೇನೂ ಇರಬಹುದು. ಒಂದ್ಸಲ ಬಂದಿದ್ದಕ್ಕೆ ಕಾರಣ ಹೇಳಕ್ಕಾಗಲ್ಲ. ಮತ್ತೆ ಬಂದ್ರೆ ತಕ್ಷಣ ಬನ್ನಿ" ಎಂದರು. ಇದೆಂಥ ಮಾತು! ಹಲ್ಲಾದರೆ ಹುಳುಕು ಎಲ್ಲಿದೆ ಎಂದು ನಾವೇ ತೋರಿಸುತ್ತೇವೆ. ನನ್ನ ತಲೆಯೊಳಗೆ ಏನಾಯಿತೆಂದು ಅಷ್ಟು ದೊಡ್ಡ ಮಷೀನಿಗೂ ತಿಳಿಯಲಿಲ್ಲ. ಮಲಗುವಾಗಲೆಲ್ಲ ಬಲಗೈಯನ್ನು ಮೈಯ ಕೆಳಗೆ ಅದುಮಿ ಹಿಡಿಯತೊಡಗಿದೆ.

"ಫಿಟ್ಸ್ ಅಂತ ಎಲ್ಲೂ ಅನಬ್ಯಾಡ" ಎಂದರು ಚನ್ನವೀರ. "ಕ್ಲಿನಿಕ್ಕಿನ್ಯಾಗ ಕೆಲಸ ಉಳೀತೈತೇನು? ಊರಾಗ ಗೊತ್ತಾದ್ರ ನಿನ್ನ ತಂಗಿ ಸಂಬಂಧ ಏನಾಗಬೇಕು? ಮಂದಿ ದೇವರು ಅಂತಾರ, ಅನ್ಲಿ ಬಿಡು."

ನಾನೂ ಬಿಟ್ಟೆ. ಅವರ ಹೆದರಿಕೆ ಬೇರೆ, ನನ್ನದು ಬೇರೆ. ಸೀರೆಯ ಸಂಗತಿ ಅವರಿಗೂ ಹೇಳಿರಲಿಲ್ಲ.

ಆಮೇಲೆ ಬಾಗಿಲಿಗೆ ನಿಂಬೆಹಣ್ಣು, ತೆಂಗಿನಕಾಯಿ ಬರತೊಡಗಿದವು. ಎದುರು ಮನೆಯವರು ಮಗುವನ್ನು ತಂದು ನನ್ನ ಮಡಿಲಿಗೆ ಹಾಕಿ ಎತ್ತಿಕೊಂಡು ಹೋದರು. ಶಿವರಾಮ್ ನನ್ನನ್ನು ಕಂಡರೆ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರು. ನಾನು ನಾಚಿಕೆಗೆಟ್ಟವಳ ಹಾಗೆ ಎಲ್ಲದಕ್ಕೂ ತಲೆಯಾಡಿಸಿದೆ. ಒಂದು ಸಂಜೆ ಟೆರೇಸಿಗೆ ಚೈತನ್ಯ ಬಂದಳು. ಕಣ್ಣು ಊದಿಕೊಂಡಿತ್ತು. ಆಡಿಟರ್ ಆಫೀಸು ಬಿಡಿಸಿದ್ದರಂತೆ.

"ನನ್ಮ್ಯಾಲ ಸಿಟ್ಟೈತೇನವ್ವ?" ಎಂದೆ.

"ನಿಮ್ಮ ಮೇಲೆ ಯಾಕೆ ಅಕ್ಕ ಸಿಟ್ಟು? ನಿಮಗೆ ಏನಾಗ್ತಿದೆ ಅಂತಾನೇ ಗೊತ್ತಿರ್ಲಿಲ್ವಲ್ಲ ಆವತ್ತು" ಎಂದು ಕ್ಲಿಪ್ಪುಗಳನ್ನು ಬಕೆಟ್ಟಿಗೆ ಹಾಕಿಕೊಂಡಳು. ಗೊತ್ತಿತ್ತು ಅನ್ನುವ ಮಾತು ಗಂಟಲವರೆಗೆ ಬಂತು. ಅದನ್ನು ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತದೆ. ನುಂಗಿಕೊಂಡೆ.

ಭಾನುವಾರ ಹೂ ಮುಡಿಸುವ ಶಾಸ್ತ್ರ ಇಟ್ಟರು. ಅಮ್ಮ ಬಂದಿದ್ದ ಕೈಯಿಂದಲೇ ಮೊದಲ ಹೂವು ಮುಡಿಸಬೇಕು ಎಂದು ಶಿವರಾಮ್ ನಮ್ಮ ಬಾಗಿಲಿಗೆ ಬಂದು ಕರೆದರು. ತಲೆನೋವು ಎಂದೆ, ಡ್ಯೂಟಿ ಎಂದೆ. "ನೀವು ಬರ್ದೆ ಶಾಸ್ತ್ರನೇ ಇಲ್ಲ ಮೇಡಂ" ಎಂದುಬಿಟ್ಟರು. ನಿನ್ನೆಯವರೆಗೆ ನಾನು "ಏನಮ್ಮ ರಾಜಶ್ರೀ", ಈಗ ಮೇಡಂ.

ನೆಲಮಹಡಿಯ ಹಾಲ್ ತುಂಬ ಜನ. ಜಯಸಿಂಹ ಗರಿಗರಿ ಬಿಳಿ ಶರಟು ತೊಟ್ಟು ನೆಲ ನೋಡುತ್ತ ಕೂತಿದ್ದ. ಚೈತನ್ಯಳನ್ನು ಮಣೆಯ ಮೇಲೆ ಕೂರಿಸಿದ್ದರು. ನನ್ನ ಬಲಗೈಗೆ ಮಲ್ಲಿಗೆಯ ದಂಡೆ ಕೊಟ್ಟರು. ಅವಳ ಹಿಂದೆ ನಿಂತೆ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. ಅವಳ ಭುಜ ಅದುರುತ್ತಿತ್ತು. ಅದನ್ನು ನೋಡಿದ ಮೇಲೆ ನನ್ನಿಂದ ಆಗಲಿಲ್ಲ.

"ನಾ ಮುಡಿಸೂದಿಲ್ರಿ" ಎಂದೆ. "ಆವತ್ತು ನನಗ ದೇವರು ಬಂದಿರಲಿಲ್ಲ. ಡಾಕ್ಟರು ಫಿಟ್ಸ್ ಇರಬಹುದು ಅಂದಾರ."

ಚನ್ನವೀರ ಬಾಗಿಲ ಬಳಿಯಿಂದ, "ಏ ರಾಜಿ!" ಎಂದರು.

ಶಿವರಾಮ್ ನಕ್ಕರು. "ರಿಪೋರ್ಟ್ ಎಲ್ಲಾ ನಾರ್ಮಲ್ ಬಂದಿದೆ ಅಂತ ನಿಮ್ಮ ಯಜಮಾನ್ರೇ ಹೇಳಿದಾರೆ ಮೇಡಂ. ಕಾಯಿಲೆ ಇದ್ದಿದ್ರೆ ಸ್ಕ್ಯಾನಲ್ಲಿ ಕಾಣ್ತಿರ್ಲಿಲ್ವಾ? ಅಮ್ಮ ಬಂದಿದ್ದಕ್ಕೇ ಏನೂ ಕಾಣ್ಲಿಲ್ಲ. ಹೆದರ್ಕೋಬೇಡಿ, ಮುಡಿಸಿ."

ಜನ ಹೌದು ಹೌದೆಂದು ತಲೆಯಾಡಿಸಿದರು. ನನ್ನ ಒಳ್ಳೆಯ ರಿಪೋರ್ಟೇ ನನಗೆ ಮುಳುವಾಯಿತು. ಇನ್ನು ಉಳಿದದ್ದು ಒಂದೇ ಮಾತು. ಮುಟ್ಟಾದ ಹೆಂಗಸನ್ನೂ ಶಾಮಿಯಾನದ ಹತ್ತಿರ ಬಿಡದ ಜನ ಇವರು. ಅಂಥ ಮೈಲಿಗೆಯಲ್ಲಿ ಅಮ್ಮ ಬರುತ್ತಾಳೆಂದು ಇವರಲ್ಲಿ ಒಬ್ಬರೂ ಒಪ್ಪಲಾರರು. ದಂಡೆಯನ್ನು ಮಣೆಯ ಪಕ್ಕ ಇಟ್ಟೆ.

"ಆವತ್ತು ನಾ ಸೀರ್ಯಾಗ ಉಚ್ಚಿ ಹೊಯ್ಕೊಂಡಿದ್ದೆ" ಎಂದೆ. "ಅಣ್ಣಮ್ಮನ ಮುಂದ. ನೀವು ಹೂವು ಇಟ್ಟಾಗ ನಾ ಅದರಾಗ ಕುಂತಿದ್ದೆ. ಅದು ದೇವರಲ್ರಿ."

ಒಬ್ಬಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು, ಅದು ಈಗಲೂ ನಾರುತ್ತಿದೆಯೇನೋ ಎನ್ನುವ ಹಾಗೆ. ಚನ್ನವೀರ ಹೊರಗೆ ಹೋಗಿಬಿಟ್ಟರು.

"ಸುಳ್ಳು" ಎಂದರು ಶಿವರಾಮ್, ಮಗಳ ಕಡೆ ತಿರುಗಿ. "ಮದುವೆ ತಪ್ಸಕ್ಕೆ ಇವಳೇ ಹೇಳ್ಕೊಟ್ಟಿರ್ಬೇಕು."

"ಸುಳ್ಳಲ್ಲ ಕಣ್ಲಾ." ಮೂಲೆಯ ಕುರ್ಚಿಯಿಂದ ಲಕ್ಷ್ಮಮ್ಮ ಎದ್ದರು. "ನಾನು ನೋಡ್ದೆ. ನೆಲ ಒದ್ದೆಯಾಗಿದ್ದು ಮೊದ್ಲು ಕಂಡಿದ್ದೇ ನಂಗೆ. ಅಷ್ಟು ಜನದ ಮುಂದೆ ಹೆಣ್ಮಗಳ ಮಾನ ಹೋಯ್ತದಲ್ಲಾ ಅಂತ ಅಮ್ಮ ಬಂದವ್ಳೆ ಅಂತ ಕೂಗಿ ನೀರು ಸುರ್ದೆ. ನೀನು ಹೂವು ಹಿಡ್ಕೊಂಡು ಬತ್ತೀಯ ಅಂತ ನಂಗೇನ್ ಗೊತ್ತು?"

ನಾನು ಅವರ ಮುಖ ನೋಡಲಾರದೆ ಹೋದೆ. ಮುದುಕಿಯ ತಲೆಯಲ್ಲಿ ಇರುವುದೇ ಇಷ್ಟು ಎಂದು ಶಪಿಸಿದ್ದೆನಲ್ಲ! ಮನೆಯ ಮಗುವಿನ ಬಾಳು ಕೈಜಾರುತ್ತಿದ್ದರೂ ನನ್ನ ಗುಟ್ಟನ್ನು ಈ ಹೆಂಗಸು ಬಾಯಿ ಬಿಟ್ಟಿರಲಿಲ್ಲ. ನಾನು ಮಾತ್ರ ಬಾಗಿಲಿಗೆ ಬಂದ ನಿಂಬೆಹಣ್ಣಿನ ಪಾನಕ ಕುಡಿದುಕೊಂಡು ಹಾಯಾಗಿ ಕೂತಿದ್ದೆ.

ಜಯಸಿಂಹ ಎದ್ದು ನಿಂತ. "ಬಿಡಿ ಭಾವ. ಹಿಂಗೆ ಬೇಡ" ಎಂದು ತನ್ನ ಅಕ್ಕನ, ಚೈತನ್ಯಳ ತಾಯಿಯ, ಕೈಲಿದ್ದ ತಾಂಬೂಲದ ತಟ್ಟೆ ಇಸಿದುಕೊಂಡು ಟೀಪಾಯಿ ಮೇಲಿಟ್ಟು ಹೊರಟುಹೋದ. ಅವನಿಗೂ ಇದು ಬೇಕಿತ್ತೋ ಇಲ್ಲವೋ, ಯಾರೂ ಕೇಳಿರಲಿಲ್ಲ. ಶಿವರಾಮ್ ನನ್ನ ಕಡೆ ನೋಡದೆ, ಶಾಮಿಯಾನ ಹಾಕಿದ್ದ ಜಾಗಕ್ಕೆ ಗಂಜಳ ಹಾಕಿಸಬೇಕು ಎಂದು ಯಾರಿಗೋ ಹೇಳಿದರು. ಜನ ನನಗೆ ತಾಗದಂತೆ ಬದಿಗೆ ಸರಿದು ದಾರಿ ಬಿಟ್ಟರು.

ಲಕ್ಷ್ಮಮ್ಮ ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋಗಿ ಸ್ಟೂಲಿನ ಮೇಲೆ ಕೂರಿಸಿದರು. "ಆವತ್ತೇ ಆಟೋ ಹಿಡ್ದು ಆಸ್ಪತ್ರೆಗೆ ಒಯ್ಬೇಕಿತ್ತು ನಿನ್ನ. ಮಾನ ಮಾನ ಅಂತ ಪ್ರಾಣನೇ ಮರ್ತೆ ನೋಡು" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನಗೆ ಅಳು ಬಂತು.

ಚೈತನ್ಯ ಒಳಗೆ ಬಂದಳು. ಓಡಿ ಬಂದು ತಬ್ಬಿಕೊಳ್ಳುತ್ತಾಳೆ ಎಂದು ನನಗೊಂದು ಆಸೆ ಇತ್ತು, ಸುಳ್ಳೇಕೆ ಹೇಳಲಿ. ಅವಳು ಫ್ರಿಜ್ಜಿಗೆ ಒರಗಿ ನಿಂತಳು.

"ಅಕ್ಕ, ನಾವು ಮಾತಾಡಿದ್ದೆಲ್ಲಾ ನಿಮಗೆ ಕೇಳಿಸ್ತಿತ್ತಾ ಆವತ್ತು? ಅಪ್ಪ ಕೇಳಿದ್ದು, ಹೂವು, ಎಲ್ಲಾ?"

"ಹೂಂ."

"ಮತ್ತೆ ಇಷ್ಟು ದಿನ ಯಾಕೆ ಸುಮ್ನಿದ್ರಿ?"

"ನಾಚಿಕಿ ಆಗಿತ್ತವ್ವ" ಎಂದೆ.

"ನಂಗೆ ಮದುವೆನೇ ಆಗೋಗ್ತಿತ್ತಲ್ಲ ಅಕ್ಕ" ಎಂದಳು ಚೈತನ್ಯ. ಅಜ್ಜಿಗೆ ಒಂದು ಲೋಟ ನೀರು ಕೊಟ್ಟು ರೂಮಿಗೆ ಹೋದಳು.