ಇಬ್ಬರು ಅಕ್ಕಂದಿರು

ಅಕ್ಕ ತಂಗಿಗಿಂತ ಹತ್ತೇ ನಿಮಿಷ ದೊಡ್ಡವಳು. ಇಬ್ಬರೂ ಅವಳಿಗಳು, ಒಂದೇ ಅಚ್ಚು, ಒಂದೇ ಹೊಲಿಗೆ ಅಂಗಡಿ. ಆದರೆ ಬೆರಳಿನ ಕೀಲುಗಳು ಬಾತುಕೊಂಡದ್ದು ಅಕ್ಕನಿಗೆ ಮಾತ್ರ. ಮೂರು ತಿಂಗಳಿಂದ ಸೂಜಿ ಹಿಡಿಯಲಾಗದೆ ಅವಳು ಬಟ್ಟೆ ಮಡಚುತ್ತ ಕೂರುತ್ತಿದ್ದಳು. ಎದುರಿಗೆ ತಂಗಿ ಕೋಟುಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿಯುವಳು. ಗಿರಾಕಿಗಳು ಆ ಕಾಜಾಗಳನ್ನು ಹೊಗಳಿದಾಗಲೆಲ್ಲ ಅಕ್ಕನಿಗೆ ಹೊಟ್ಟೆ ಉರಿಯುತ್ತಿತ್ತು. ಹೊಲಿಗೆ ಕಲಿಸಿದ್ದು ತಾನು, ಶಭಾಷ್ ಗಿಟ್ಟಿಸಿಕೊಳ್ಳುವುದು ಅವಳು.

ಡಾಕ್ಟರ್ ಆ ಉರಿಗೆ ಇನ್ನಷ್ಟು ತುಪ್ಪ ಸುರಿದರು. ರೋಗಾಣುವಿನ ಜೊತೆ ಹೋರಾಡಲು ಮೈಯೇ ಉರಿಯೂತ ಎಬ್ಬಿಸುತ್ತದಂತೆ. ಕೆಲಸ ಮುಗಿದ ಮೇಲೆ ಸಾಕು ನಿಲ್ಲಿಸು ಎನ್ನುವುದಕ್ಕೊಂದು ಜೀನು ಇದೆಯಂತೆ. ಇಬ್ಬರಲ್ಲೂ ಅದೇ ಜೀನು. ಅಕ್ಕನ ಮೈಯಲ್ಲಿ ಮಾತ್ರ ಅದು ತುಟಿ ಪಿಟಕ್ಕೆನ್ನುತ್ತಿಲ್ಲ. ತಂಗಿಯ ರಕ್ತವನ್ನೂ ಹೋಲಿಸಿ ನೋಡೋಣ ಎಂದು ಇಬ್ಬರಿಂದಲೂ ಒಂದೊಂದು ಟ್ಯೂಬು ತುಂಬಿಸಿಕೊಂಡರು.

ಅವಳಲ್ಲಿ ಮಾತಾಡುವ ಜೀನಿಗೆ ನನ್ನಲ್ಲಿ ಏನು ದಾಡಿ ಎಂದು ಅಕ್ಕ ಕುದಿದಳು. ಅವಳಿಗೂ ಬರಲಿ ಎಂದು ಮನಸ್ಸಿನಲ್ಲೇ ಹಾರೈಸಿದಳು. ಒಂದು ದಿನವಲ್ಲ, ವರದಿ ಬರುವವರೆಗೆ ದಿನವೂ.

ವರದಿ ಬಂದಾಗ ಡಾಕ್ಟರೇ ಕಕ್ಕಾಬಿಕ್ಕಿಯಾಗಿದ್ದರು. ಟ್ಯೂಬಿನ ಮೇಲೆ ಯಾರದೆಂದು ಬರೆಯಿರಿ ಎಂದು ನರ್ಸ್ ಇಬ್ಬರಿಗೂ ಹೇಳಿದ್ದಕ್ಕೆ, ಎರಡರ ಮೇಲೂ 'ಅಕ್ಕ' ಎಂದೇ ಇತ್ತು.

"ರಕ್ತ ಕೊಟ್ಟಿದ್ದು ಅಕ್ಕನಿಗೋಸ್ಕರ ತಾನೆ? ಅದಕ್ಕೇ ಹಾಗೆ ಬರೆದೆ," ಎಂದಳು ತಂಗಿ.

ನೋಡು, ಇಲ್ಲೂ ಒಳ್ಳೆಯವಳಾಗಿಬಿಟ್ಟಳು ಎಂದು ಅಕ್ಕ ಹಲ್ಲು ಕಚ್ಚಿದಳು.

ಒಂದು ಟ್ಯೂಬಿನಲ್ಲಿ ಆ ಜೀನು ಪೂರ್ತಿ ಮೌನ, ಇನ್ನೊಂದರಲ್ಲಿ ಅರ್ಧ ಮೌನ ಎಂದರು ಡಾಕ್ಟರ್. ಯಾರದು ಯಾವುದಾದರೂ, ಇಬ್ಬರಿಗೂ ಕಾಯಿಲೆ ಹಿಡಿದಿದೆ ಎಂದರ್ಥ. ತಂಗಿಗೆ ಕೈ ತೋರಿಸಲು ಹೇಳಿದರು. ಅವಳು ಚೀಲದ ಕೆಳಗೆ ಅಡಗಿಸಿಕೊಂಡಿದ್ದ ಕೈಯನ್ನು ನಿಧಾನವಾಗಿ ಹೊರಗೆ ತೆಗೆದಳು. ಕೀಲುಗಳು ಕೆಂಪಗೆ ಊದಿದ್ದವು.

"ಯಾವಾಗಿಂದ?" ಎಂದು ಕೇಳಿದ್ದು ಅಕ್ಕ.

"ಎರಡು ತಿಂಗಳಾಯ್ತು. ನಾನೂ ಸೂಜಿ ಕೆಳಗಿಟ್ರೆ ನಿನ್ನ ಗಿರಾಕಿಗಳೆಲ್ಲ ಬೇರೆ ಅಂಗಡಿಗೆ ಹೋಗ್ಬಿಡ್ತಾರಲ್ಲ."

ಹಾರೈಸುವ ಮೊದಲೇ ಹಾರೈಕೆ ಫಲಿಸಿತ್ತು. ಅಕ್ಕನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ತಂಗಿಯ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಅದೂ ತನ್ನದರಷ್ಟೇ ಬಿಸಿಯಾಗಿತ್ತು. ಎರಡು ತಿಂಗಳು ಒಂದು ಸಲವೂ ನರಳದೆ ಕಾಜಾ ಹೊಲಿದಿದ್ದಾಳೆ. ತಾನಾದರೋ ಮೊದಲ ದಿನವೇ ಊರೆಲ್ಲ ಕೇಳುವ ಹಾಗೆ ಗೋಳಾಡಿದ್ದಳು. ಕಣ್ಣು ತುಂಬಿ ಬರುತ್ತಿದ್ದಾಗಲೂ ಅಕ್ಕನಿಗೆ ಮತ್ತೆ ಹೊಟ್ಟೆ ಉರಿಯಿತು: ಹಾಳಾದವಳು, ನೋವು ನುಂಗುವುದರಲ್ಲೂ ಇವಳೇ ಮುಂದೆ.