ಯೂನಿಫಾರ್ಮ್ ಅಕ್ಕ ಹಾಕಿದ ವಿಮೆಯ ಲೆಕ್ಕ

ಸಂಜೆ ಕೆಲಸದಿಂದ ಬಂದ ಗಂಡ ಬೂಟು ಕೂಡ ಬಿಚ್ಚದೆ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕುಳಿತ. ಅಂಗಿಗೆ ಕಾಲರ್ ಕೂಡಿಸುತ್ತಿದ್ದ ಹೆಂಡತಿ ಪೆಡಲಿನಿಂದ ಕಾಲು ತೆಗೆದಳು. ಬಡಾವಣೆಯ ಅರ್ಧ ಮಕ್ಕಳು ಅವಳು ಹೊಲಿದ ಬಟ್ಟೆ ತೊಟ್ಟೇ ಶಾಲೆಗೆ ಹೋಗುವುದರಿಂದ ಎಲ್ಲರಿಗೂ ಅವಳು ಯೂನಿಫಾರ್ಮ್ ಅಕ್ಕ. ಗಂಡ ಕ್ರೇನ್ ನಡೆಸುವವನು. ಹತ್ತಂತಸ್ತಿನ ಎತ್ತರದಲ್ಲಿ ಕೂತರೂ ಎದೆ ನಡುಗದ ಮನುಷ್ಯನ ಮುಖ ಅಂದು ಬಿಳಿಚಿಕೊಂಡಿತ್ತು.

"ವೆಲ್ಡರ್ ಹೆಂಡ್ತಿ ಮನೆ ಮಾರಿಬಿಟ್ಳಂತೆ ಕಣೆ."

ವೆಲ್ಡರ್ ಅವನ ಜೊತೆಗಾರ. ನಾಲ್ಕು ತಿಂಗಳ ಹಿಂದೆ ಹೃದಯ ನಿಂತು ಹೋಗಿಬಿಟ್ಟಿದ್ದ.

"ಅವರದು ಮೂರು ಪಾಲಿಸಿ ಇತ್ತಲ್ಲ? ಊಟದ ಹೊತ್ತಲ್ಲೆಲ್ಲ ಅದೇ ಮಾತು ಅಂತಿದ್ರಿ."

"ಇತ್ತು. ಮೂರೂ ಸೇರಿಸಿದ್ರೆ ಮನೆ ಸಾಲದ ಅರ್ಧಕ್ಕೂ ಬರಲಿಲ್ವಂತೆ. ಮೂರು ಇದೆ ಅಂತಿದ್ದ, ಎಷ್ಟಕ್ಕೆ ಇದೆ ಅಂತ ಒಂದಿನಾನೂ ನೋಡಿರಲಿಲ್ಲ."

ಹೆಂಡತಿ ಎದ್ದು ಬೀರು ತೆಗೆದಳು. ಸೀರೆಗಳ ಅಡಿಯಿಂದ ಗಂಡನ ಹಳೆಯ ಪಾಲಿಸಿ ಹೊರಬಂತು. ಮದುವೆಗೆ ಮುಂಚೆ ಮಾಡಿಸಿದ್ದು. ಮೊತ್ತ ಎರಡು ಲಕ್ಷ. ನಾಮಿನಿ ಎಂದಿದ್ದ ಕಡೆ ಅವಳ ಮಾವನ ಹೆಸರಿತ್ತು. ಮಾವ ತೀರಿಕೊಂಡು ಆರು ವರ್ಷವಾಗಿತ್ತು.

ಅವಳು ಆ ಕಾಗದವನ್ನು ಗಂಡನ ಮುಂದೆ ಹಿಡಿದಳು.

ಭಾನುವಾರ ಬೆಳಿಗ್ಗೆಯೇ ಅವಳ ತಂಗಿಯ ಗಂಡ ಬ್ಯಾಗು ಹಿಡಿದು ಬಂದ. ಅಂಗಡಿ ಕೆಲಸದ ಜೊತೆಗೆ ವಿಮೆ ಮಾಡಿಸಿಕೊಡುವುದೂ ಅವನ ದಂಧೆ. ಯೂನಿಫಾರ್ಮ್ ಅಕ್ಕನ ಗಂಡ ಫೋನ್ ಮಾಡಿ ಕರೆದದ್ದೇ ತಡ, ಅರ್ಜಿಗಳನ್ನೆಲ್ಲ ಹರವಿ ಕುಳಿತ.

"ಅಣ್ಣಾ, ಇದು ನೋಡಿ. ತಿಂಗಳಿಗೆ ಮೂರು ಸಾವಿರ. ಐದು ಲಕ್ಷದ ರಕ್ಷಣೆ. ಹದಿನೈದು ವರ್ಷ ಆದ್ಮೇಲೆ ಕಟ್ಟಿದ ದುಡ್ಡು ಬೋನಸ್ ಸಮೇತ ವಾಪಸ್. ನಿಮ್ಮ ಸಣ್ಣ ಹುಡುಗನ ಹೆಸರಲ್ಲೂ ಒಂದು ಮಾಡಿಬಿಡೋಣ."

ಒಳಗಿನಿಂದ ಅತ್ತೆ ಕೂಗಿದರು. "ಬೆಳ್ಳಂಬೆಳಿಗ್ಗೆ ಸಾಯೋ ಮಾತು ಯಾರ್ರೀ ಆಡೋದು? ಬಾಯಿ ತೊಳ್ಕೊಳ್ಳಿ ಮೊದಲು!"

ಅಷ್ಟರಲ್ಲಿ ಎದುರು ಮನೆಯ ಕ್ಲೇಮಕ್ಕ ಬಂದರು. ಮೂವತ್ತು ವರ್ಷ ವಿಮಾ ಕಚೇರಿಯ ಕ್ಲೇಮ್ ವಿಭಾಗದಲ್ಲಿದ್ದು ನಿವೃತ್ತರಾದವರು. ಆಮೇಲೆ ಬೀದಿಯವರು ಅವರಿಗೆ ಇಟ್ಟ ಹೆಸರು ಅದು. ಕೈಯಲ್ಲಿ ಅಂಚು ಬಿಟ್ಟ ಸೀರೆಯಿತ್ತು. ಆದರೆ ಕಣ್ಣು ಹೋದದ್ದು ಮೇಜಿನ ಮೇಲಿನ ಅರ್ಜಿಗೆ.

"ಐದು ಲಕ್ಷ ಅಂತ ಯಾರು ಹೇಳಿದ್ದು?" ಎಂದು ಕೇಳಿದರು.

"ತಿಂಗಳಿಗೆ ಮೂರು ಸಾವಿರ ಕಟ್ಟೋಕಾಗುತ್ತೆ, ಅದಕ್ಕೆ ಅಷ್ಟು ಬರುತ್ತೆ," ಎಂದ ಗಂಡ.

ಕ್ಲೇಮಕ್ಕ ಯೂನಿಫಾರ್ಮ್ ಅಕ್ಕನ ಕಡೆ ತಿರುಗಿದರು. "ಏನಮ್ಮಾ, ನೀನು ಮಗೂನ ಅಳತೆ ತಗೊಂಡು ಬಟ್ಟೆ ಕತ್ತರಿಸ್ತೀಯೋ, ಇರೋ ತುಂಡಿಗೆ ಮಗೂನ ತುರುಕ್ತೀಯೋ?"

ಅವಳು ನಕ್ಕುಬಿಟ್ಟಳು. ಬಟ್ಟೆಯ ಅಳತೆ ಗುರುತಿಸುವ ಕಂದು ಕಾಗದವನ್ನು ಮೇಜಿನ ಮೇಲೆ ಹಾಸಿ ಪೆನ್ಸಿಲ್ ಹಿಡಿದಳು. "ಹೇಳಿ ಕ್ಲೇಮಕ್ಕ, ನಾನೇ ಬರೀತೀನಿ."

"ಇವನ ಸ್ವಂತ ಖರ್ಚು ತೆಗೆದು ಮನೆಗೆ ತಿಂಗಳಿಗೆ ಎಷ್ಟು ಬೇಕು?"

"ಮೂವತ್ತು ಸಾವಿರ."

"ಸಣ್ಣವನು ಸ್ವಂತ ಕಾಲ ಮೇಲೆ ನಿಲ್ಲೋಕೆ ಎಷ್ಟು ವರ್ಷ?"

"ಒಂಬತ್ತು ತುಂಬಿದೆ. ಇನ್ನೊಂದು ಹದಿನೈದು ವರ್ಷ ಅನ್ನಿ."

ಅವಳು ಗುಣಿಸಿದಳು. ಐವತ್ತನಾಲ್ಕು ಲಕ್ಷ. ಅದಕ್ಕೆ ಮನೆ ಸಾಲ ಹನ್ನೆರಡು ಸೇರಿಸಿದಳು. ಮಗಳು ನರ್ಸಿಂಗ್ ಓದಬೇಕೆಂದು ಕುಣಿಯುತ್ತಿದ್ದಳು, ಅದಕ್ಕೆ ಎಂಟು. ಕೈಯಲ್ಲಿದ್ದ ಉಳಿತಾಯ ನಾಲ್ಕನ್ನು ಕಳೆದಳು. ಎಪ್ಪತ್ತು ಲಕ್ಷ ಉಳಿಯಿತು.

"ಬೆಲೆ ಏರ್ತಾನೇ ಇರುತ್ತೆ. ಎಂಬತ್ತು ಅಂತ ಇಟ್ಕೋ," ಎಂದರು ಕ್ಲೇಮಕ್ಕ.

ಗಂಡ ಹೌಹಾರಿದ. "ಎಂಬತ್ತಾ! ಐದಕ್ಕೇ ಮೂರು ಸಾವಿರ ಆದ್ರೆ ಎಂಬತ್ತಕ್ಕೆ ನನ್ನ ಸಂಬಳ ಪೂರ್ತಿ ಹೋಗುತ್ತೆ!"

"ಹೋಗಲ್ಲ. ವಾಪಸ್ ಕೊಡ್ತೀವಿ ಅನ್ನೋ ಪಾಲಿಸಿ ಬೇರೆ, ಬರೀ ರಕ್ಷಣೆ ಕೊಡೋ ಟರ್ಮ್ ಪಾಲಿಸಿ ಬೇರೆ. ಟರ್ಮ್‌ನಲ್ಲಿ ನೀನು ನೂರು ವರ್ಷ ಚೆನ್ನಾಗಿದ್ರೆ ಏನೂ ವಾಪಸ್ ಬರಲ್ಲ. ಅದಕ್ಕೇ ಕಂತು ಕಡಿಮೆ. ಏನಪ್ಪಾ, ನೀನೇ ಹೇಳು."

ತಂಗಿಯ ಗಂಡ ಕುತ್ತಿಗೆ ಕೆರೆದುಕೊಂಡ. "ಹೌದು ಅಕ್ಕ, ಇದೆ. ಸುಮಾರು ಎರಡು ಸಾವಿರದಲ್ಲಿ ಆಗಬಹುದು. ಜನ ವಾಪಸ್ ಬರಲ್ಲ ಅಂದ್ರೆ ಕೇಳೋದೇ ಇಲ್ಲ ಅಂತ ನಾನು ತೋರಿಸೋದನ್ನೇ ಬಿಟ್ಟಿದ್ದೆ."

"ಎರಡು ಸಾವಿರ ನೀರಿಗೆ ಹಾಕಿದ ಹಾಗಲ್ವಾ?" ಗಂಡ ಇನ್ನೂ ಗೊಣಗುತ್ತಿದ್ದ.

"ಕ್ರೇನ್ ಹತ್ತುವಾಗ ಸೊಂಟಕ್ಕೆ ಬೆಲ್ಟು ಕಟ್ಕೊಳ್ತೀರಲ್ಲ," ಎಂದಳು ಹೆಂಡತಿ. "ಒಂದಿನಾನೂ ಬೀಳಲಿಲ್ಲ, ಬೆಲ್ಟಿನ ದುಡ್ಡು ದಂಡ ಆಯ್ತು ಅಂತ ಯಾವತ್ತಾದ್ರೂ ಅಂದಿದ್ದೀರಾ?"

ಅತ್ತೆ ಬಾಗಿಲಿಗೆ ಬಂದು ನಿಂತು, "ಹಂಗಾದ್ರೆ ನನಗೂ ಒಂದು ಮಾಡಿಸಿ," ಎಂದರು.

"ನಿಮಗೆ ಬೇಡ ಅಮ್ಮ, ಸಣ್ಣವನಿಗೂ ಬೇಡ," ಎಂದರು ಕ್ಲೇಮಕ್ಕ.

"ಯಾಕೆ, ನಾನು ಮನೆಗೆ ಬೇಡವಾದವಳಾ?"

"ಬೇಕಾದವರೇ. ಆದ್ರೆ ನಿಮ್ಮ ಸಂಪಾದನೆ ನಂಬ್ಕೊಂಡು ಯಾರೂ ಕೂತಿಲ್ಲವಲ್ಲ? ಯಾರು ದುಡಿಯೋದು ನಿಂತ್ರೆ ಮನೆ ನಡೆಯೋದು ನಿಲ್ಲುತ್ತೋ ಅವರಿಗೆ ವಿಮೆ ಬೇಕು." ಅವರು ಕಾಗದದ ಮೇಲೆ ಬೆರಳಿಟ್ಟರು. "ಹಾಗಿದ್ರೆ ಇದರಲ್ಲಿ ಇನ್ನೊಬ್ಬರ ಲೆಕ್ಕ ಎಲ್ಲಿ?"

"ಇನ್ಯಾರು?" ಎಂದ ಗಂಡ.

"ಈ ಯಂತ್ರ ತುಳಿಯೋಳು."

ಯೂನಿಫಾರ್ಮ್ ಅಕ್ಕನಿಗೂ ಆ ಯೋಚನೆ ಬಂದಿರಲಿಲ್ಲ. ಕಾಗದದ ಖಾಲಿ ಮೂಲೆಯಲ್ಲಿ ಬರೆಯತೊಡಗಿದಳು. ಹೊಲಿಗೆಯಿಂದ ತಿಂಗಳಿಗೆ ಹತ್ತು ಸಾವಿರ. ಅಡುಗೆಗೆ, ಅತ್ತೆಯ ಆರೈಕೆಗೆ, ಮಕ್ಕಳನ್ನು ನೋಡಿಕೊಳ್ಳುವುದಕ್ಕೆ ಜನ ಇಟ್ಟರೆ ಎಷ್ಟು? ಕ್ಲೇಮಕ್ಕ ಒಂದೊಂದೇ ಹೇಳಿದರು, ಅವಳು ಬರೆದಳು. ಕೊನೆಗೆ ಕೂಡಿಸಿ ನೋಡಿದ ಗಂಡ ಹೆಂಡತಿಯ ಮುಖವನ್ನು ಹೊಸದಾಗಿ ಕಂಡವನಂತೆ ದಿಟ್ಟಿಸಿದ.

"ಇವಳಿಗೂ ಮೂವತ್ತು ಲಕ್ಷಕ್ಕೆ ಬರಿಯಪ್ಪಾ," ಎಂದು ಷಡ್ಡಕನಿಗೆ ಹೇಳಿದ.

ಅರ್ಜಿ ತುಂಬುವಾಗ ಇನ್ನೊಂದು ತಕರಾರು ಎದ್ದಿತು. ಗಂಡನಿಗೆ ಎರಡು ವರ್ಷದಿಂದ ಸಕ್ಕರೆ ಕಾಯಿಲೆ. ದಿನಾ ಮಾತ್ರೆ.

"ಅದನ್ನೆಲ್ಲ ಬರೆಯೋದು ಬೇಡ ಅಣ್ಣಾ," ತಂಗಿಯ ಗಂಡ ದನಿ ತಗ್ಗಿಸಿದ. "ಕಂತು ಜಾಸ್ತಿ ಮಾಡ್ತಾರೆ. ಯಾರಿಗೆ ಗೊತ್ತಾಗುತ್ತೆ?"

ಕ್ಲೇಮಕ್ಕನ ಮುಖ ಗಂಭೀರವಾಯಿತು. "ಮೂವತ್ತು ವರ್ಷದಲ್ಲಿ ನನ್ನ ಮೇಜಿನ ಮುಂದೆ ಅತ್ತವರಲ್ಲಿ ಹೆಚ್ಚಿನವರು ಈ ಒಂದು ಸುಳ್ಳಿಗೇ ಅತ್ತಿದ್ದು. ಸುಳ್ಳು ಹೇಳಿದವನು ಹೋಗಿರ್ತಾನೆ, ಕಂಪನಿ ದುಡ್ಡು ಕೊಡಲ್ಲ ಅನ್ನುತ್ತೆ. ಆಸ್ಪತ್ರೆ ಚೀಟಿ ಹಿಡ್ಕೊಂಡು ಉತ್ತರ ಕೊಡಬೇಕಾದವಳು ಹೆಂಡ್ತಿ."

ಯೂನಿಫಾರ್ಮ್ ಅಕ್ಕ ಅರ್ಜಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ತಂಗಿಯ ಗಂಡನೆಂಬ ದಾಕ್ಷಿಣ್ಯಕ್ಕೆ ಅವಳು ಇದುವರೆಗೆ ಅವನಿಗೆ ಎದುರು ಮಾತಾಡಿದವಳಲ್ಲ. ಅಂದು ಆಡಿದಳು.

"ಬೇಜಾರು ಮಾಡ್ಕೋಬೇಡಿ. ನಾಳೆ ಆ ಮೇಜಿನ ಮುಂದೆ ನಿಲ್ಲಬೇಕಾದವಳು ನಾನು. ಸಕ್ಕರೆ ಕಾಯಿಲೆ ಅಂತ ಬರೀರಿ. ಹಬ್ಬ-ಮದುವೇಲಿ ಕದ್ದು ಸೇದೋ ಸಿಗರೇಟೂ ಬರೀರಿ."

"ಏಯ್!" ಎಂದ ಗಂಡ. ಅತ್ತೆ ಮಗನ ಕಡೆ ಕಣ್ಣು ಕೆಕ್ಕರಿಸಿದರು. "ಸೇದ್ತೀಯೇನೋ?"

ಆಮೇಲೆ ರಕ್ತ ಪರೀಕ್ಷೆಯಾಯಿತು. ಮೂರು ವಾರ ಕಾದರು. ಕಂಪನಿ ಒಪ್ಪಿತು, ಆದರೆ ಗಂಡನ ಕಂತಿಗೆ ತಿಂಗಳಿಗೆ ಆರುನೂರು ಏರಿಸಿತು.

"ನೋಡಿದ್ಯಾ? ನಿಜ ಹೇಳಿದ್ದಕ್ಕೆ ದಂಡ!"

"ಇರಲಿ. ತಿಂಗಳಿಗೆ ಎರಡು ಅಂಗಿ ಜಾಸ್ತಿ ಹೊಲೀತೀನಿ. ಆದ್ರೆ ಇನ್ಮೇಲೆ ಈ ಪಾಲಿಸೀನ ಯಾರೂ ಅಲ್ಲಾಡಿಸೋಕಾಗಲ್ಲ."

ಪಾಲಿಸಿಗಳು ಕೈಸೇರಿದ ದಿನ ಅವಳು ಯಂತ್ರ ಮುಚ್ಚಿ, ಒಂದೊಂದು ಪುಟವನ್ನೂ ಬೆರಳಿಟ್ಟು ಓದಿದಳು. ತನ್ನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು. ಮರುದಿನವೇ ಕಚೇರಿಗೆ ಹೋಗಿ ಸರಿ ಮಾಡಿಸಿದಳು. ಅಲ್ಲಿಂದ ಹಳೆಯ ಪಾಲಿಸಿಯ ಶಾಖೆಗೆ ನಡೆದು, ಗಂಡ ಸಹಿ ಮಾಡಿಕೊಟ್ಟಿದ್ದ ಅರ್ಜಿ ಕೊಟ್ಟು, ತೀರಿಹೋದ ಮಾವನ ಹೆಸರಿನ ಜಾಗಕ್ಕೆ ತನ್ನ ಹೆಸರು ಬರೆಸಿಕೊಂಡೇ ಬಂದಳು. ಮೆಟ್ಟಿಲಿಳಿದು ರಸ್ತೆಗೆ ಬಂದಾಗ ಅವಳಿಗೆ ಜೋರಾಗಿ ನಗಬೇಕೆನಿಸಿತು. ಸಾವಿನ ಕಾಗದಕ್ಕೆ ಸಹಿ ಹಾಕುತ್ತಿದ್ದೇವೆ ಎಂದು ಹೆದರಿದ್ದಳು. ಈಗ ನೋಡಿದರೆ ಎದೆಯ ಮೇಲಿನ ಚಪ್ಪಡಿ ಇಳಿಸಿದಂತಾಗಿತ್ತು. ದಾರಿಯಲ್ಲೇ ಮಗಳಿಗೆ ಫೋನ್ ಮಾಡಿ, ಕಾಗದಗಳು ಬೀರುವಿನ ಯಾವ ಅರೆಯಲ್ಲಿರುತ್ತವೆ, ಬೇಕಾದಾಗ ಯಾರನ್ನು ಕೇಳಬೇಕು ಎಂದು ಹೇಳಿದಳು.

ಮುಂದಿನ ಭಾನುವಾರ ಗಂಡ ಕೆಲಸದ ಜಾಗದಿಂದ ಹನ್ನೊಂದು ಜನರನ್ನು ಕರೆತಂದ. ಬಾಗಿಲಲ್ಲಿ ಬೂಟುಗಳ ರಾಶಿ ಬಿತ್ತು. ಕಂಬಿ ಕಟ್ಟುವವರು, ಬಣ್ಣ ಹೊಡೆಯುವವರು, ಲಿಫ್ಟ್ ಕೂಡಿಸುವವರು, ಎಲ್ಲರ ಕೈಯಲ್ಲೂ ತಮ್ಮ ತಮ್ಮ ಹಳೆಯ ಪಾಲಿಸಿ. "ನಮ್ಮನೆಯವಳನ್ನ ಕೇಳಿ," ಎಂದು ಗಂಡ ಎದೆಯುಬ್ಬಿಸಿ ಹೇಳಿದ. ಅವಳು ಕಂದು ಕಾಗದವನ್ನು ಗೋಡೆಗೆ ಅಂಟಿಸಿ, ಒಬ್ಬೊಬ್ಬರ ಲೆಕ್ಕ ಬರೆಯತೊಡಗಿದಳು.

ಬಣ್ಣ ಹೊಡೆಯುವವನೊಬ್ಬ ಎದ್ದು ನಿಂತ. "ಅಕ್ಕಾ, ನನ್ನ ಹೆಂಡ್ತಿ ಮನೇಲೇ ಇರ್ತಾಳೆ. ಸಂಪಾದನೆ ಇಲ್ಲ. ಅವಳಿಗ್ಯಾಕೆ ವಿಮೆ?"

ಯೂನಿಫಾರ್ಮ್ ಅಕ್ಕ ಬಾಯಿ ತೆರೆಯುವ ಮೊದಲೇ ಬಾಗಿಲ ಕಡೆಯಿಂದ ಉತ್ತರ ಬಂತು. ಕೊಟ್ಟವರು ಅತ್ತೆ.

"ಒಂದು ವಾರ ಅವಳನ್ನ ತವರಿಗೆ ಕಳಿಸಿ, ಮನೆ ನೀನು ನಡೆಸು ನೋಡೋಣ. ಆಮೇಲೆ ಬಾ, ಅವಳ ಲೆಕ್ಕ ನಾನೇ ಬರ್ಕೊಡ್ತೀನಿ!"

ಮನೆಯೆಲ್ಲ ಗೊಳ್ಳೆಂದಿತು. ಬಣ್ಣ ಹೊಡೆಯುವವನು ಎಲ್ಲರಿಗಿಂತ ಜೋರಾಗಿ ನಕ್ಕು, "ಬರೀರಿ ಅಕ್ಕಾ, ಅವಳದೂ ಬರೀರಿ," ಎಂದು ಕಾಗದದ ಹತ್ತಿರ ಬಂದು ಕುಳಿತ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯ ಪಾಲಿಸಿ ಎಷ್ಟಕ್ಕಿದೆ, ನಾಮಿನಿ ಯಾರು ಎಂದು ನೋಡದೆ ನೀವೇ ಹೇಳಬಲ್ಲಿರಾ? ಆಗದಿದ್ದರೆ ಇವತ್ತೇ ಬೀರು ತೆಗೆಯಿರಿ. ಗಂಡ ಹೆಂಡತಿ ಒಟ್ಟಿಗೆ ಕೂತು, ನಿಮ್ಮ ಮನೆಗೆ ಎಷ್ಟು ವರ್ಷ, ಎಷ್ಟು ಬೇಕು ಎಂದು ಬರೆಯಿರಿ. ಯಾರೋ ಹೇಳಿದ ಮೊತ್ತಕ್ಕೆ ಸಹಿ ಹಾಕಬೇಡಿ. ನಾಲ್ಕು ಕಡೆ ಕಂತು ವಿಚಾರಿಸಿ. ಕಾಯಿಲೆ ಮುಚ್ಚಿಡಬೇಡಿ. ಕಂತು ತಪ್ಪಿಸಬೇಡಿ. ಮನೆಯಲ್ಲಿ ದುಡಿಯುವವಳ ದುಡಿಮೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಂದು ಹಾಳೆ, ಒಂದು ಪೆನ್ಸಿಲ್, ಒಂದು ಗಂಟೆ ಸಾಕು. ಶುರು ಮಾಡಿ!